ಅಮ್ಮನ ಮಾತು ನನ್ನ ಬಾಯಲ್ಲಿ

ಮದರಾಸಿನ ಕೋಡಂಬಾಕ್ಕಂನಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಕೋಣೆ ಎಂದು ಕರೆಯಬಹುದಾದದ್ದು ಒಂದೇ. ಅಡುಗೆಮನೆಯನ್ನೂ ಲೆಕ್ಕಕ್ಕೆ ಹಿಡಿದರೆ ಕೋಣೆಗಳಿಗೇ ಅವಮಾನ. ಅಲ್ಲಿ ಅಮ್ಮ ಕೂತರೆ ನಾನು ನಿಲ್ಲಬೇಕು, ನಾನು ಕೂತರೆ ಅಮ್ಮ ಹೊರಗೆ ಬರಬೇಕು. ಇದ್ದ ಒಂದು ಕೋಣೆಯೇ ದಿನಕ್ಕೆ ಮೂರು ವೇಷ ಹಾಕುತ್ತಿತ್ತು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದಾಗ ಅದು ದೇವರಕೋಣೆ. ಮಧ್ಯಾಹ್ನ ಎರಡಕ್ಕೆ ಅಪ್ಪ ಬಂದು ಚಾಪೆ ಹಾಸಿದರೆ ಮಲಗುವ ಕೋಣೆ. ಐದು ಗಂಟೆಗೆ ಅದೇ ಚಾಪೆ ತಿರುವಿ ಹಾಕಿದರೆ ಶಾಲೆ. ಅಪ್ಪ ವಡಪಳನಿಯ ಒಂದು ಹೋಟೆಲಿನಲ್ಲಿ ತಿಂಡಿ ಮಾಡುವವರು. ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಇಡ್ಲಿ, ವಡೆ, ಗೋಳಿಬಜೆ ಎಲ್ಲ ಮುಗಿಸಿ, ಮಧ್ಯಾಹ್ನ ಬಂದು ಎರಡೂವರೆ ಗಂಟೆ ಸತ್ತವರಂತೆ ಮಲಗಿ, ಮತ್ತೆ ಸಂಜೆಯ ಗಿರಾಕಿಗಳಿಗೆಂದು ಹೊರಡುತ್ತಿದ್ದರು. ಅವರು ಬಾಗಿಲು ದಾಟುವುದಕ್ಕೂ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ನುಗ್ಗುವುದಕ್ಕೂ ಸರಿಹೋಗುತ್ತಿತ್ತು. ಎಷ್ಟೋ ದಿನ ಅಪ್ಪನ ತಲೆದಿಂಬು ತೆಗೆಯಲು ಮರೆತು, ಯಾರಾದರೊಬ್ಬ ಅದರ ಮೇಲೆ ಸ್ಲೇಟು ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದ.

ಅಮ್ಮ ಮದುವೆಗೆ ಮೊದಲು ಉಡುಪಿಯ ಹತ್ತಿರದ ಒಂದು ಶಾಲೆಯಲ್ಲಿ ಎರಡು ವರ್ಷ ಟೀಚರಾಗಿದ್ದವಳು. ಮದರಾಸಿಗೆ ಬಂದ ಮೇಲೆ ಆ ಕಲಿಕೆಗೆ ಇಲ್ಲಿ ಕೆಲಸವಿರಲಿಲ್ಲ, ಏಕೆಂದರೆ ಅವಳಿಗೆ ತಮಿಳು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದಕ್ಕಿಂತ ಅವಳು ಆಡುತ್ತಿರಲಿಲ್ಲ ಎನ್ನಬೇಕು. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದವರಿಗೆ ನಿಧಾನವಾಗಿ ಆಡಿದ ನಾಲ್ಕು ಮಾತಾದರೂ ಅರ್ಥವಾಗದೇ ಇರುತ್ತದೆಯೇ? ಆದರೆ ಇಡೀ ಬದುಕು ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವಳಿಗೆ ತಾನೇ ನಾಲ್ಕು ಜನರೆದುರು ತಪ್ಪು ಮಾತಾಡುವುದು ಸಾಧ್ಯವಾಗುತ್ತಿರಲಿಲ್ಲ. ಅಪ್ಪ ಊಟಕ್ಕೆ ಕೂತಾಗಲೆಲ್ಲ ಈ ಜಗಳ ಒಮ್ಮೆ ಬಂದೇ ಬರುತ್ತಿತ್ತು.

“ಹತ್ತು ವರ್ಷ ಆಯ್ತು ಮಾರಾಯ್ತಿ. ಹೋಟ್ಲಿಗೆ ನಿನ್ನೆ ಮೊನ್ನೆ ಬಂದವರೆಲ್ಲ ಮಾತಾಡ್ತಾರೆ. ನಿನಗೆ ಎಂತ ಕಷ್ಟ?”

“ಅವರಿಗೆ ಎರಡು ಇಡ್ಲಿ ಒಂದು ವಡೆ ಹೇಳಿದ್ರೆ ಸಾಕು. ನನಗೆ ಪಾಠ ಹೇಳ್ಲಿಕ್ಕುಂಟು. ತಪ್ಪು ಮಾತಾಡಿ ಮಕ್ಕಳ ಎದುರು ನಗೆಪಾಟ್ಲಾಗುದಾ?”

“ಮತ್ತೆ ಹೇಗೆ ಪಾಠ ಹೇಳ್ತೀ?”

“ಪುಟ್ಟಿ ಇದ್ದಾಳಲ್ಲ.”

ಆ ಪುಟ್ಟಿ ನಾನು. ಹೆಸರು ವೀಣಾ, ವಯಸ್ಸು ಆಗ ಒಂಬತ್ತು, ನಾಲ್ಕನೆಯ ಕ್ಲಾಸು. ಮನೆಯಲ್ಲಿ ಕನ್ನಡ ಕೇಳುತ್ತಿದ್ದೆ, ಬೀದಿಯಲ್ಲಿ ತಮಿಳು ಆಡುತ್ತಿದ್ದೆ, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್ ಓದುತ್ತಿದ್ದೆ. ಕನ್ನಡದ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಕಲಿಸಲು ಅಮ್ಮ ಎರಡು ಬೇಸಿಗೆ ರಜೆ ಪ್ರಯತ್ನಿಸಿದಳು; ನಾನು ಹೊಟ್ಟೆನೋವು, ತಲೆನೋವು, ನಿದ್ದೆ ಎಂದು ತಪ್ಪಿಸಿಕೊಂಡೆ. ಅದನ್ನು ಕಲಿತು ಯಾರಿಗೆ ಏನಾಗಬೇಕಿತ್ತು? ಬಸ್ಸಿನ ಮೇಲೆ ಕನ್ನಡ ಬರೆದಿರುವುದಿಲ್ಲ, ಅಂಗಡಿಯ ಮೇಲೆ ಬರೆದಿರುವುದಿಲ್ಲ. ಅಮ್ಮನ ಊರಿನಿಂದ ಬರುವ ಕಾಗದಗಳಲ್ಲಿ ಮಾತ್ರ ಇರುತ್ತಿತ್ತು, ಅದನ್ನು ಅಮ್ಮನೇ ಓದಿ ಹೇಳುತ್ತಿದ್ದಳು.

ಸಂಜೆಯ ಶಾಲೆಗೆ ಹತ್ತು ಹನ್ನೆರಡು ಮಕ್ಕಳು ಬರುತ್ತಿದ್ದರು. ಎಲ್ಲರ ಅಪ್ಪ ಅಮ್ಮಂದಿರೂ ಹೆಚ್ಚುಕಡಿಮೆ ಸಿನಿಮಾ ಸ್ಟುಡಿಯೋಗಳ ಹಿಂಬಾಗಿಲಿನಿಂದ ಹೋಗಿ ಬರುವವರು. ಸೆಟ್ಟು ಹಾಕುವ ಮಲಯಾಳಿ ಬಡಗಿಯ ಇಬ್ಬರು ಮಕ್ಕಳು, ಲೈಟ್ ಹೊರುವ ತಮಿಳಿನವರ ನಾಲ್ವರು, ಬಟ್ಟೆಗೆ ಜರಿ ಕೂರಿಸುವ ಉರ್ದು ಮನೆಯ ಸಲೀಂ, ಹೀಗೆ. ಕಲಿಸುವುದು ಲೆಕ್ಕ ಮತ್ತು ಇಂಗ್ಲಿಷ್ ಎರಡೇ. ಅಮ್ಮನದು ಒಂದು ಪದ್ಧತಿ ಇತ್ತು: ಮನಸ್ಸಿನಲ್ಲಿ ಎಣಿಸುವಾಗ ಯಾರೂ ಬೇರೆಯವರ ಭಾಷೆಯಲ್ಲಿ ಎಣಿಸಬಾರದು. ಮಗ್ಗಿ ಹೇಳುವ ಹೊತ್ತಿಗೆ ಎಲ್ಲರೂ ಒಟ್ಟಿಗೆ, ಅವರವರ ಮನೆಯ ಮಾತಿನಲ್ಲಿ ಕೂಗಬೇಕು. ತರಕಾರಿ ಮಾರ್ಕೆಟ್ಟೇ ನಮ್ಮ ಮನೆಗೆ ಬಂದಂತೆ ಆಗುತ್ತಿತ್ತು. ಅಷ್ಟು ಗಲಾಟೆಯಲ್ಲೂ ಯಾರದೋ ಬಾಯಿ ಎಲ್ಲೋ ಒಂದು ಕಡೆ ತಡವರಿಸಿದರೆ ಅಮ್ಮ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದಳು. ಮಲಯಾಳ ಬಾರದವಳಿಗೆ ಮಲಯಾಳದ ಏಳೆಂಟರ ತಪ್ಪು ಹೇಗೆ ಗೊತ್ತಾಗುತ್ತಿತ್ತೋ ನನಗೆ ತಿಳಿಯದು. ಮುಖ ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಆರು ಗಂಟೆಗೆ ಎಲ್ಲರಿಗೂ ಬೆಲ್ಲ ಕಾಯಿ ಕಲಸಿದ ಒಂದೊಂದು ಹಿಡಿ ಅವಲಕ್ಕಿ. ರಂಜಾನ್ ತಿಂಗಳಲ್ಲಿ ಸಲೀಮನ ಪಾಲನ್ನು ಕಾಗದದಲ್ಲಿ ಕಟ್ಟಿ ಅವನ ಚೀಲದಲ್ಲಿಡುವುದು ನನ್ನ ಕೆಲಸವಾಗಿತ್ತು.

ಆದರೆ ನನ್ನ ನಿಜವಾದ ಕೆಲಸ ಮಾತು. ಅಮ್ಮ ಕನ್ನಡದಲ್ಲಿ ಹೇಳುವುದು, ನಾನು ಗಂಟಲು ಸರಿಮಾಡಿಕೊಂಡು “ಟೀಚರ್ ಎನ್ನ ಸೊಲ್ರಾಂಗನ್ನಾ...” ಎಂದು ಶುರು ಮಾಡುವುದು. ಟೀಚರ್ ಏನು ಹೇಳುತ್ತಾರೆಂದರೆ ಎನ್ನುವ ಆ ಒಂದು ಮಾತಿಗೆ ಎಂತಹ ಬಲ ಇತ್ತು ಎನ್ನುವುದು ಹೇಳಿದವರಿಗೇ ಗೊತ್ತು. ನನಗಿಂತ ಎರಡು ವರ್ಷ ದೊಡ್ಡ ಹುಡುಗರು ಬಾಯಿ ಮುಚ್ಚಿ ನನ್ನನ್ನು ನೋಡುತ್ತಿದ್ದರು. ಮಕ್ಕಳ ತಾಯಂದಿರು ಬಂದರೆ ಅಮ್ಮನ ಮುಖ ನೋಡದೆ ನನ್ನ ಬಾಯಿ ನೋಡುತ್ತಿದ್ದರು. ನಾನು ಅಲ್ಲಲ್ಲಿ ಸ್ವಂತದ ಮಾತನ್ನೂ ಸೇರಿಸುತ್ತಿದ್ದೆ. ಅಮ್ಮ “ನಾಳೆ ಪೆನ್ಸಿಲ್ ತನ್ನಿ” ಎಂದರೆ, “ಪೆನ್ಸಿಲ್ ತನ್ನಿ, ವೀಣಾಳಿಗೆ ಒಂದು ರಬ್ಬರ್ ಸಹ ತನ್ನಿ ಅಂತಾರೆ ಟೀಚರ್” ಎನ್ನುತ್ತಿದ್ದೆ. ಆ ವರ್ಷ ನನ್ನ ಡಬ್ಬಿಯಲ್ಲಿ ಏಳು ರಬ್ಬರ್ ಇದ್ದವು. ಅಮ್ಮ ಒಮ್ಮೆಯೂ ಕೇಳಲಿಲ್ಲ. ಅವಳು ನನ್ನನ್ನು ಅಷ್ಟು ನಂಬಿದ್ದಳು.

ನಾಗಮಣಿ ಬಂದದ್ದು ಆಗಸ್ಟಿನ ಸುಮಾರಿಗೆ. ನೆಲ್ಲೂರಿನ ಕಡೆಯ ಹಳ್ಳಿಯವಳು, ಹತ್ತು ವರ್ಷ, ನನಗಿಂತ ಒಂದು ಗೇಣು ಎತ್ತರ. ಅವಳ ಅಮ್ಮ ಈಶ್ವರಮ್ಮ ಸ್ಟುಡಿಯೋ ಒಂದರ ಹಿಂದಿನ ಶೆಡ್ಡಿನಲ್ಲಿ ಸಿನಿಮಾದವರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಊರಿನಲ್ಲಿ ತೆಲುಗಿನಲ್ಲಿ ನಾಲ್ಕನೆಯ ಕ್ಲಾಸಿಗೆ ಬಂದಿದ್ದ ಹುಡುಗಿಯನ್ನು ಇಲ್ಲಿನ ಶಾಲೆಯವರು ತಮಿಳು ಆಡಲು ಬಂದರೂ ಓದಲು ಬಾರದೆಂದು ಎರಡನೆಯ ಕ್ಲಾಸಿನಲ್ಲಿ ಕೂರಿಸಿದ್ದರು. ಬೆಂಚು ಅವಳ ಮೊಣಕಾಲಿಗೆ ಬಡಿಯುತ್ತಿತ್ತಂತೆ. ಆದರೆ ಹೆಡ್ಮಿಸ್ಟ್ರೆಸ್ ಒಂದು ಮಾತು ಕೊಟ್ಟಿದ್ದರು: ಅರ್ಧ ವರ್ಷದ ರಜೆಗೆ ಮೊದಲು ನಾಲ್ಕನೆಯ ಕ್ಲಾಸಿನ ಲೆಕ್ಕದ ಪರೀಕ್ಷೆ ಕೊಡುತ್ತೇನೆ, ಅದನ್ನು ಮಾಡಿ ತೋರಿಸಿದರೆ ಮೇಲಕ್ಕೆ ಹಾಕುತ್ತೇನೆ, ತಮಿಳು ನಿಧಾನವಾಗಿ ಬರಲಿ. ಮಾಡದಿದ್ದರೆ ಅವಳ ಅಮ್ಮನಿಗೂ ಒಂದು ನಿರ್ಧಾರವಿತ್ತು. ಎರಡನೆಯ ಕ್ಲಾಸಿನಲ್ಲಿ ನಗೆಪಾಟಲಾಗುವುದಕ್ಕಿಂತ ಶಾಲೆ ಬಿಡಿಸಿ ತನ್ನ ಜತೆ ಇಸ್ತ್ರಿಗೆ ನಿಲ್ಲಿಸಿಕೊಳ್ಳುವುದು.

ಮೊದಲ ದಿನ ಅಮ್ಮ ಅಭ್ಯಾಸದಂತೆ ಒಂದು ಲೆಕ್ಕವನ್ನು ಸ್ಲೇಟಿನ ಮೇಲೆ ತನಗಾಗಿ ಕನ್ನಡದಲ್ಲಿ ಬರೆದುಕೊಂಡಳು. ನನ್ನನ್ನು ಕರೆದು ತಮಿಳಿನಲ್ಲಿ ಹೇಳಿಸಬೇಕು, ಅಷ್ಟರಲ್ಲಿ ನಾಗಮಣಿ ಕತ್ತು ಓರೆ ಮಾಡಿ ಸ್ಲೇಟನ್ನೇ ನೋಡಿ ಒಂದೊಂದೇ ಅಕ್ಷರ ಓದತೊಡಗಿದಳು. ಅ, ಕ್ಕ, ನ. ಅಕ್ಕನ. ತೆಲುಗಿನ ಅಕ್ಷರಗಳೂ ಕನ್ನಡದ ಅಕ್ಷರಗಳೂ ಒಂದೇ ಮನೆಯವು ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಆದರೆ ಕೋಡಂಬಾಕ್ಕಂನ ತನ್ನ ಚಾಪೆಯ ಮೇಲೆ ಅದು ಎದುರಾಗುತ್ತದೆಂದು ಅವಳೂ ಎಣಿಸಿರಲಿಲ್ಲ. ಅವಳ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಅಮ್ಮ ಎರಡೂ ಮಾತಿಗೆ ಸಲ್ಲುವ ಪದಗಳನ್ನೇ ಹುಡುಕಿ ಹುಡುಕಿ ಲೆಕ್ಕ ಕಟ್ಟತೊಡಗಿದಳು. ಅಕ್ಕ, ಅಣ್ಣ, ಬೆಲ್ಲ, ಊರು. ಅಣ್ಣನ ಊರು ಆರು ಮೈಲಿ, ಅಕ್ಕನ ಊರು ಐದು ಮೈಲಿ. ನಾಗಮಣಿ ಓದಿ, ತುಟಿಯಲ್ಲೇ ಎಣಿಸಿ, ಉತ್ತರ ಬರೆದು ಸ್ಲೇಟನ್ನು ಅಮ್ಮನ ಕಡೆ ತಳ್ಳುತ್ತಿದ್ದಳು. ನಡುವೆ ನನ್ನ ಬಾಯಿಗೆ ಏನೂ ಕೆಲಸವಿರಲಿಲ್ಲ.

ಹೊಟ್ಟೆಕಿಚ್ಚು ಎನ್ನುವುದನ್ನು ನಾನು ಮೊದಲು ಕಂಡದ್ದು ಆಗ. ನನ್ನ ಅಮ್ಮನ ಕೈಬರಹವನ್ನು ನಾನು ಓದಲಾರೆ, ಎಲ್ಲಿಂದಲೋ ಬಂದ ಒಬ್ಬಳು ಓದುತ್ತಾಳೆ. ಅಡುಗೆಮನೆಯ ಬಾಗಿಲ ಪಕ್ಕ, ಅಮ್ಮ ಒಗ್ಗರಣೆ ಹಾಕಲು ಎದ್ದರೂ ಸೆರಗು ತಾಗುವಷ್ಟು ಹತ್ತಿರ ನಾನು ಕೂರುತ್ತಿದ್ದ ಜಾಗವಿತ್ತು. ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಅಮ್ಮ ಅದನ್ನು ಅವಳಿಗೆ ಕೊಟ್ಟಳು. ಎಲ್ಲರೂ ಹೋದ ಮೇಲೂ ಅರ್ಧ ಗಂಟೆ ಅವಳನ್ನು ಉಳಿಸಿಕೊಳ್ಳುತ್ತಿದ್ದಳು. ಅಪ್ಪ ಹೋಟೆಲಿನಿಂದ ತಂದಿಟ್ಟ ಗೋಳಿಬಜೆಯಲ್ಲಿ ಅವಳಿಗೂ ಎರಡು ಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ಅವಳ ಎದುರು ನಗುತ್ತಿದ್ದಳು. ನನ್ನ ಎದುರು ಅಮ್ಮ ಅಷ್ಟು ನಕ್ಕದ್ದು ನೆನಪಿರಲಿಲ್ಲ.

ಪರೀಕ್ಷೆಗೆ ಮೂರು ವಾರವಿರುವಾಗ ಒಂದು ಸಂಜೆ ಈಶ್ವರಮ್ಮ ಬಂದಳು. ಶೆಡ್ಡಿನಿಂದ ನೇರ ಬಂದಿರಬೇಕು, ಸೀರೆಯಿಂದ ಬಿಸಿ ಇಸ್ತ್ರಿಯ ವಾಸನೆ ಬರುತ್ತಿತ್ತು. ಬಾಗಿಲ ಹೊರಗೇ ನಿಂತು ಮಗಳು ಹೇಗೆ ಕಲಿಯುತ್ತಿದ್ದಾಳೆಂದು ತಮಿಳಿನಲ್ಲಿ ಕೇಳಿದಳು. ನಾಗಮಣಿ ನೀರು ಹಿಡಿಯಲು ಕೆಳಗಿನ ಪಂಪಿಗೆ ಹೋಗಿದ್ದಳು. ಅಮ್ಮ ಬಾಗಿಲಿಗೆ ಬಂದು, ಕೈ ಒರೆಸಿಕೊಳ್ಳುತ್ತಾ, ಮುಖದ ತುಂಬಾ ನಗುತ್ತಾ ನನಗೆ ಹೇಳಿದಳು:

“ಹೇಳು ಪುಟ್ಟಿ. ಇಂಥ ಮಗು ನನಗೆ ಸಿಕ್ಕಿದ್ದೇ ಇಲ್ಲ ಹೇಳು. ಇನ್ನು ಮೂರು ವಾರ ಶಾಲೆ ಬಿಟ್ಟ ಕೂಡಲೇ ಇಲ್ಲಿಗೇ ಕಳಿಸ್ಲಿ, ಊಟ ಸಹ ಇಲ್ಲೇ ಆಗ್ಲಿ. ಅವಳು ಪಾಸಾಗ್ತಾಳೆ, ಎಂತ ಹೆದರಿಕೆ ಬೇಡ ಹೇಳು.”

ಊಟವೂ ಇಲ್ಲೇ ಎನ್ನುವ ಮಾತು ನನ್ನ ಕಿವಿಗೆ ಬಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಟೀಚರ್ ಏನು ಹೇಳುತ್ತಾರೆಂದರೆ, ಎಂದು ತಮಿಳಿನಲ್ಲಿ ಶುರು ಮಾಡಿದೆ. ನಿಮ್ಮ ಮಗಳಿಗೆ ಇದು ಆಗುವುದಿಲ್ಲ, ಅವಳಿಂದ ಬೇರೆ ಮಕ್ಕಳಿಗೂ ತೊಂದರೆ, ನಾಳೆಯಿಂದ ಕಳಿಸುವುದು ಬೇಡ. ಯಾವ ಪದಕ್ಕೂ ತಡವರಿಸಲಿಲ್ಲ. ತಮಿಳು ನನಗೆ ಅಷ್ಟು ಚೆನ್ನಾಗಿ ಬರುತ್ತಿತ್ತು. ಅಮ್ಮ ನಾನು ಬಡಬಡನೆ ಆಡಿದ ತಮಿಳನ್ನು ಹಿಡಿಯಲಾರದೆ, ತಾನು ಹೇಳಿದ್ದೇ ಹೋಗುತ್ತಿದೆ ಎಂದುಕೊಂಡು, ನನ್ನ ಒಂದೊಂದು ಮಾತಿಗೂ ನಗುತ್ತಾ ತಲೆಯಾಡಿಸುತ್ತಿದ್ದಳು. ಈಶ್ವರಮ್ಮ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅಮ್ಮನ ನಗುವನ್ನು ನೋಡಿದಳು. ಏನೂ ಹೇಳದೆ ಕೈಮುಗಿದಳು. ಪಂಪಿನ ಹತ್ತಿರ ಹೋಗಿ ಮಗಳ ಕೈಯಿಂದ ನಮ್ಮ ಕೊಡ ತೆಗೆದು ಕಟ್ಟೆಯ ಮೇಲಿಟ್ಟು, ಅವಳನ್ನು ಕರೆದುಕೊಂಡು ಹೋದಳು. ಅಮ್ಮ ಒಳಗೆ ಬಂದು, “ಪಾಪ, ಎಷ್ಟು ಸಂತೋಷ ಆಯ್ತು ನೋಡು ಅವರಿಗೆ, ಮಾತೇ ಬರ್ಲಿಲ್ಲ” ಎಂದಳು.

ನಾನೀಗ ಕೋಯಂಬೇಡಿನ ಆಚೆಯ ಒಂದು ಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ, ಕಟ್ಟಡ ಕಟ್ಟುವವರ, ವಾಚ್‌ಮನ್‌ಗಳ ಮಕ್ಕಳು. ಹಿಂದಿ, ಒಡಿಯಾ, ನೇಪಾಳಿ, ತೆಲುಗು, ತಮಿಳು ಎಲ್ಲ ಒಂದೇ ಹಾಜರಿ ಪುಸ್ತಕದಲ್ಲಿವೆ. ತಂದೆತಾಯಿ ಬಂದಾಗ ಮಗುವೇ ನಡುವೆ ನಿಂತು ಎರಡೂ ಕಡೆಗೆ ಮಾತು ದಾಟಿಸುತ್ತದೆ. ಎಷ್ಟು ಬುದ್ಧಿವಂತ ಮಗು ಎಂದು ಹೊಸ ಟೀಚರುಗಳು ಮೆಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಆ ಮಗುವನ್ನು ಆಟಕ್ಕೆ ಕಳಿಸಿ, ಆ ಭಾಷೆ ಬರುವ ದೊಡ್ಡವರೊಬ್ಬರನ್ನು ಗೇಟಿನಿಂದಲೋ ಅಡುಗೆಯವರ ಹತ್ತಿರದಿಂದಲೋ ಕರೆಸುತ್ತೇನೆ. ಇದು ನನ್ನ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಉಂಟು. ಇರಲಿ. ದೊಡ್ಡವರ ಮಾತನ್ನು ಹೊರುವ ಮಕ್ಕಳಿಗೆ ಎಷ್ಟು ಅಧಿಕಾರ ಸಿಗುತ್ತದೆ ಮತ್ತು ಅದು ಎಷ್ಟು ಭಾರ ಎಂದು ನನಗೆ ಗೊತ್ತು.

ಈಶ್ವರಮ್ಮ ಬಂದುಹೋದ ಮರುದಿನ ನಾಗಮಣಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಜಾಗದಲ್ಲಿ ನಾನು ಕೂತೆ. ಅಮ್ಮ ಬೈಯಲಿಲ್ಲ, ಆದರೆ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಮೂರನೆಯ ದಿನ “ಹೋಗಿ ಕೇಳಿಕೊಂಡು ಬಾ, ಜ್ವರವಾ ಎಂತ” ಎಂದು ಕಳಿಸಿದಳು. ನಾನು ಬೀದಿ ಕೊನೆಯವರೆಗೆ ಹೋಗಿ, ಅಲ್ಲೇ ನಿಂತು ನೂರರವರೆಗೆ ಎಣಿಸಿ, ವಾಪಸು ಬಂದು, ಅವರು ಊರಿಗೆ ಹೋಗಿದ್ದಾರಂತೆ ಎಂದೆ. ಅಮ್ಮ ನಂಬಿದಳು. ಅವಳು ನಂಬಿದ್ದೇ ನನಗೆ ದೊಡ್ಡ ಶಿಕ್ಷೆಯಾಯಿತು. ಬಯಸಿ ಬಯಸಿ ವಾಪಸು ಪಡೆದ ಜಾಗದಲ್ಲಿ ಕೂರಲು ಆಗದೆ ಮಲಯಾಳಿ ಮಕ್ಕಳ ಪಕ್ಕ ಹೋಗಿ ಕೂತೆ. ಶಾಲೆಯಲ್ಲಿ ಎರಡನೆಯ ಕ್ಲಾಸಿನ ಕಿಟಕಿ ದಾಟುವಾಗ ಚಿಕ್ಕ ಮಕ್ಕಳ ನಡುವೆ ಅವಳ ತಲೆ ಕಾಣುತ್ತಿತ್ತು. ನಾನು ಬಗ್ಗಿಕೊಂಡು ಓಡುತ್ತಿದ್ದೆ. ಹೇಳಿಬಿಡೋಣ ಎಂದು ಬಾಯಿ ತೆರೆದರೆ ಅಮ್ಮ ಯಾರಿಗೋ ಏನನ್ನೋ ಹೇಳೆಂದು ಕರೆಯುತ್ತಿದ್ದಳು, ನಾನು “ಟೀಚರ್ ಎನ್ನ ಸೊಲ್ರಾಂಗನ್ನಾ” ಎಂದು ಶುರು ಮಾಡುತ್ತಿದ್ದೆ.

ಹತ್ತನೆಯ ದಿನ ಸಲೀಂ ಮಾತಿನ ನಡುವೆ ನಾಗಮಣಿಯನ್ನು ಶಾಲೆಯಲ್ಲಿ ನೋಡಿದೆ ಎಂದ. ಹೆಸರು ಮತ್ತು ಸ್ಕೂಲ್ ಎನ್ನುವುದು ಎರಡೂ ಅಮ್ಮನಿಗೆ ಅರ್ಥವಾಯಿತು.

“ಊರಿಗೆ ಹೋಗಿದ್ದಾರೆ ಹೇಳಿದಿಯಲ್ಲ?”

“ಬಂದಿರ್ಬೇಕು.”

ಅಮ್ಮ ನೋಟ್‌ಪುಸ್ತಕದ ಹಾಳೆ ಹರಿದು, ಪೆನ್ಸಿಲಿನಲ್ಲಿ ಕನ್ನಡದಲ್ಲಿ ಏನನ್ನೋ ಬರೆದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. “ಅವಳ ಕೈಗೇ ಕೊಡು. ಅವಳಿಗೆ ಓದ್ಲಿಕ್ಕೆ ಬರ್ತದೆ” ಎಂದಳು. ಅವಳಿಗೆ ಬರುತ್ತದೆ, ನನಗೆ ಬರುವುದಿಲ್ಲ. ಎರಡು ದಿನ ಆ ಕಾಗದ ನನ್ನ ಡಬ್ಬಿಯಲ್ಲಿ ಏಳು ರಬ್ಬರಿನ ಕೆಳಗಿತ್ತು. ಶಾಲೆಯ ಹಿಂದೆ ಹೋಗಿ ಬಿಡಿಸಿ ನೋಡುತ್ತಿದ್ದೆ. ಅಮ್ಮ ನನ್ನ ಬಗ್ಗೆ ಬರೆದಿದ್ದಾಳೆಯೇ, ಅವಳಿಗೆ ಗೊತ್ತಾಗಿದೆಯೇ, ಈ ದುಂಡು ದುಂಡು ಅಕ್ಷರಗಳಲ್ಲಿ ನನ್ನ ಹೆಸರು ಯಾವುದು, ಒಂದೂ ತಿಳಿಯದು. ಹರಿದು ಚರಂಡಿಗೆ ಹಾಕಬಹುದಿತ್ತು. ಆದರೆ ಅಮ್ಮನ ಅಕ್ಷರವನ್ನು ಹರಿಯಲು ಕೈ ಬರಲಿಲ್ಲ. ಕೊನೆಗೆ, ಎಂತಾದರೂ ಆಗಲಿ, ಅದರಲ್ಲಿ ಏನಿದೆ ಎಂದು ಗೊತ್ತಾದರೆ ಸಾಕು ಎನ್ನುವ ಹಟಕ್ಕೆ ಬಿದ್ದು ಇಸ್ತ್ರಿ ಶೆಡ್ಡಿಗೆ ನಡೆದೆ.

ನಾಗಮಣಿ ಶೆಡ್ಡಿನ ಹೊರಗೆ ಕಲ್ಲಿನ ಮೇಲೆ ಕೂತು, ರಾಜನ ಪಾತ್ರದ ಮಿನುಗು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಹೋಗಲಿಲ್ಲ. ನಾನು ಕಾಗದ ಚಾಚಿದೆ. ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಮೊದಲ ದಿನದಂತೆಯೇ ಕತ್ತು ಓರೆ ಮಾಡಿ ಒಂದೊಂದೇ ಅಕ್ಷರ ಓದತೊಡಗಿದಳು. ಓದುವವಳು ಅವಳು, ಅರ್ಥವಾಗುವುದು ನನಗೆ. ಅವಳ ಬಾಯಿಂದ ಬಿಡಿಬಿಡಿಯಾಗಿ ಬೀಳುತ್ತಿದ್ದುದು ನನ್ನ ಕಿವಿಯಲ್ಲಿ ಸೇರಿಕೊಂಡು ಅಮ್ಮನ ಮಾತಾಗುತ್ತಿತ್ತು.

“ನಾಗಮಣಿಗೆ ಆಶೀರ್ವಾದಗಳು. ನೀನು ಯಾಕೆ ಬರುತ್ತಿಲ್ಲ? ನಿನ್ನ ಅಮ್ಮ ಬಂದ ದಿನ ನಾನು ಏನೋ ಹೇಳಬಾರದ್ದು ಹೇಳಿರಬೇಕು. ನನಗೆ ಇಲ್ಲಿಯ ಮಾತು ಬರುವುದಿಲ್ಲ. ತಪ್ಪು ನನ್ನದು. ನಿನ್ನ ಅಮ್ಮನಿಗೆ ಕೈಮುಗಿದು ಕೇಳಿಕೊಳ್ಳುತ್ತೇನೆ, ನಿನ್ನನ್ನು ಕಳಿಸಲಿ. ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ ಇದೆ. ನಿನ್ನ ಜಾಗ ಹಾಗೇ ಇದೆ.”

ನಾಗಮಣಿಗೆ ಅದರಲ್ಲಿ ಎಲ್ಲ ತಿಳಿಯಲಿಲ್ಲ. ಒಂದು ಪದ ಮಾತ್ರ ತಿಳಿಯಿತು, ಅದು ಅವಳ ಮನೆಯಲ್ಲೂ ನಮ್ಮ ಮನೆಯಲ್ಲೂ ಬೀದಿಯಲ್ಲೂ ಒಂದೇ. ಅದರ ಮೇಲೆ ಬೆರಳಿಟ್ಟು ತಲೆ ಎತ್ತಿ ತಮಿಳಿನಲ್ಲಿ ಕೇಳಿದಳು:

“ತಪ್ಪಾ? ಯಾರ್ ಪಣ್ಣಿನ ತಪ್ಪು?”

ಯಾರು ಮಾಡಿದ ತಪ್ಪು. ಅಮ್ಮ ತನ್ನದು ಎಂದು ಬರೆದಿದ್ದಾಳೆ ಎಂದರೆ ಮುಗಿಯುತ್ತಿತ್ತು. ಅದು ಸುಳ್ಳು ಅನುವಾದವೂ ಆಗುತ್ತಿರಲಿಲ್ಲ, ಕಾಗದದಲ್ಲಿ ಇದ್ದದ್ದೇ ಹಾಗೆ. ನನಗೆ ಅಳು ಬಂತು. “ನಾನ್ ದಾನ್” ಎಂದೆ. ನಾನೇ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಜವಾಗಿ ಏನು ಹೇಳಿದ್ದಳು ಎನ್ನುವುದನ್ನು, ಊಟವೂ ಇಲ್ಲೇ ಎಂದದ್ದನ್ನು, ಪಾಸಾಗುತ್ತಾಳೆ ಎಂದದ್ದನ್ನು, ಹದಿಮೂರು ದಿನ ತಡವಾಗಿ, ಒಂದು ಮಾತೂ ಬಿಡದೆ ಹೇಳಿದೆ. ನಾಗಮಣಿ ಕೇಳಿ ಮುಗಿಸಿ ನನ್ನ ತೋಳಿಗೆ ಬಲವಾಗಿ ಒಂದು ಗುದ್ದಿದಳು. ನೋವಾಯಿತು. ಆಮೇಲೆ ಅದೇ ತೋಳು ಹಿಡಿದು ಶೆಡ್ಡಿನ ಒಳಗೆ ಎಳೆದುಕೊಂಡು ಹೋಗಿ ಅವಳ ಅಮ್ಮನ ಮುಂದೆ ನಿಲ್ಲಿಸಿದಳು. ಅಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು.

ಈಶ್ವರಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ಟೀಚರ್ ಸೊಲ್ಲಲೆಯಾ?” ಎಂದು ಕೇಳಿದಳು. ಟೀಚರ್ ಹೇಳಲಿಲ್ಲವೇ? ಇಲ್ಲ ಎಂದೆ. ಮತ್ತೆ ಅದನ್ನೇ ಕೇಳಿದಳು, ಮತ್ತೆ ಇಲ್ಲ ಎಂದೆ. ಮೂರನೆಯ ಸಲ ಕೇಳುವಾಗ ಅವಳು ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಿದ್ದಳು. ಬೈಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಿದ್ದಳು. ಇಷ್ಟು ದಿನ ಅವಳನ್ನು ಸುಟ್ಟದ್ದು ಮಗಳಿಗೆ ಲೆಕ್ಕ ಬಾರದು ಎನ್ನುವುದಲ್ಲ. ಟೀಚರ್ ನಗುನಗುತ್ತಾ ಬೇಡ ಎಂದರಲ್ಲ, ಅಷ್ಟು ಕಠಿಣ ಮನಸ್ಸಿನವರೇ, ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ ಎನ್ನುವುದು. ಅದನ್ನು ಹೇಳಿ, “ಒಳ್ಳೆಯವರೇ ಅಲ್ಲವಾ ಹಾಗಾದರೆ, ನನ್ನ ಕಣ್ಣು ಮೋಸ ಹೋಗಲಿಲ್ಲ” ಎಂದು ತಮಿಳಿನಲ್ಲಿ ತನಗೇ ಹೇಳಿಕೊಂಡಳು. ಹೊರಡುವಾಗ ನನ್ನ ಜಡೆ ಬಿಚ್ಚಿಹೋಗಿದ್ದನ್ನು ನೋಡಿ ಹೆಣೆದು ಕಳಿಸಿದಳು.

ಮರುದಿನ ಸಂಜೆ ತಾಯಿ ಮಗಳು ಇಬ್ಬರೂ ಬಂದರು. ಅಮ್ಮನಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ. ಇಡೀ ದಿನ ಧೈರ್ಯ ಕೂಡಿಸುತ್ತಲೇ ಇದ್ದೆ, ಅದು ಕೂಡಿರಲಿಲ್ಲ. ಅಮ್ಮ ಬಾಗಿಲಿಗೆ ಓಡಿ ಬಂದು ನಾಗಮಣಿಯ ತಲೆ ಮುಟ್ಟಿ, ತಿರುಗಿ ನನ್ನನ್ನು ಕರೆದಳು.

“ಕೇಳು ಪುಟ್ಟಿ, ಎಂತ ಆಗಿತ್ತು ಅಂತ. ನನ್ನಿಂದ ಎಂತ ತಪ್ಪಾಯ್ತು ಕೇಳು.”

ನಾನು ಕೇಳಿದೆ. ಈಶ್ವರಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಪದವಾಗಿ ತಮಿಳಿನಲ್ಲಿ ಹೇಳಿದಳು. ಟೀಚರದು ಏನೂ ತಪ್ಪಿಲ್ಲ, ಮಗುವಿಗೆ ಜ್ವರ ಬಂದಿತ್ತು, ಅದಕ್ಕೇ ಕಳಿಸಲಿಲ್ಲ ಎಂದು ಹೇಳಮ್ಮಾ. ಹೇಳಿ, ನನಗೆ ಮಾತ್ರ ಕಾಣುವಂತೆ ಕಣ್ಣು ಮುಚ್ಚಿ ತೆರೆದಳು. ಅಮ್ಮ ನನ್ನ ಬಾಯಿ ನೋಡುತ್ತಾ ನಿಂತಿದ್ದಳು. ಹಿಂದೆ ಚಾಪೆಯ ಮೇಲೆ ಯಾರೋ ಮಗ್ಗಿ ಹೇಳುತ್ತಿದ್ದರು.

“ಅವರು ಎಂತ ಹೇಳ್ತಾರಂದ್ರೆ,” ಎಂದೆ, “ನಾನು ಸುಳ್ಳು ಹೇಳಿದೆ ಅಂತ. ನೀನು ಕಳಿಸಿ ಅಂದದ್ದನ್ನು ನಾನು ಕಳಿಸುದು ಬೇಡ ಅಂತ ಹೇಳಿದೆ ಅಂತ.”

ಅಮ್ಮ ಈಶ್ವರಮ್ಮನ ಮುಖ ನೋಡಿದಳು. ಅಲ್ಲಿ ನಗುವಿತ್ತು, ಸಿಟ್ಟಿರಲಿಲ್ಲ. ಜ್ವರ ಎನ್ನುವ ಪದವಂತೂ ಅಮ್ಮನಿಗೆ ತಿಳಿದೇ ತಿಳಿದಿತ್ತು.

“ಅವರು ಹಾಗೆ ಹೇಳಿದ್ರಾ?”

“ಇಲ್ಲ. ಅವರು ಜ್ವರ ಅಂತ ಹೇಳಿದ್ರು. ಇದು ನಾನು ಹೇಳಿದ್ದು.”

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಸುಲಭವಿತ್ತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

“ನೀನು ಅದನ್ನು ಹೇಳುವಾಗ ನಾನು ನಗ್ತಾ ಇದ್ದೆ, ಅಲ್ವಾ?”

ನಾನು ಹೌದೆಂದು ತಲೆಯಾಡಿಸಿದೆ. ಅಮ್ಮನ ಕಣ್ಣು ತುಂಬಿತು. ಅವಳು ಹೊಸಿಲು ದಾಟಿ ಹೋಗಿ ಈಶ್ವರಮ್ಮನ ಎರಡೂ ಕೈ ಹಿಡಿದುಕೊಂಡಳು. ಹತ್ತು ವರ್ಷ ಯಾರ ಎದುರೂ ತೆರೆಯದ ಬಾಯಿ ತೆರೆದು, ಎಲ್ಲ ಮಕ್ಕಳ ಎದುರು, ಕನ್ನಡ ತಮಿಳು ಎರಡನ್ನೂ ಕಲಸಿ ಹೇಳಿದಳು:

“ನಾನು ಬೇಡ ಸೊಲ್ಲಲೆ. ಯಾವಾಗ್ಲೂ ಸೊಲ್ಲಲೆ. ನಿಮ್ಮ ಪೊಣ್ಣು ರೊಂಬ ನಲ್ಲ ಪೊಣ್ಣು. ದಿನಾ ಅನುಪ್ಪುಂಗೊ.” ತುಂಬ ಒಳ್ಳೆಯ ಹುಡುಗಿ, ದಿನಾ ಕಳಿಸಿ.

“ಪರವಾಲೇದು ಅಮ್ಮಾ, ಪರವಾಲೇದು,” ಎಂದಳು ಈಶ್ವರಮ್ಮ ತೆಲುಗಿನಲ್ಲಿ. ಹಿಂದೆ ಬಡಗಿಯ ಮಗನೊಬ್ಬ ಕಿಸಕ್ಕನೆ ನಕ್ಕ. ಅಮ್ಮ ತಿರುಗಿಯೂ ನೋಡಲಿಲ್ಲ. ಅವರಿಬ್ಬರೂ ಹೊಸಿಲ ಮೇಲೆ ಕೂತು ಅವರವರ ಮಾತಿನಲ್ಲೇ ಏನೇನೋ ಹೇಳಿಕೊಂಡರು, ಒಬ್ಬರಿಗೊಬ್ಬರು ಅರ್ಥವಾಗದಾಗ ಕೈಯಲ್ಲಿ ತೋರಿಸಿದರು. ಯಾರೂ ನನ್ನನ್ನು ಕರೆಯಲಿಲ್ಲ. ನಾನು ಗೋಡೆಗೆ ಒರಗಿ ಕೂತೆ. ಹದಿನಾಲ್ಕು ದಿನದಿಂದ ಎದೆಯಲ್ಲಿ ಕೂತಿದ್ದುದು ಇಳಿದುಹೋಗಿತ್ತು. ಕೆಲಸ ಹೋಯಿತು ಎಂದು ದುಃಖವಾಗಬೇಕಿತ್ತು, ನನಗೆ ನಿದ್ದೆ ಬಂತು. ಆ ಮಗ್ಗಿಯ ಗಲಾಟೆಯ ನಡುವೆ, ಅಪ್ಪನ ದಿಂಬಿನ ಮೇಲೆ ತಲೆಯಿಟ್ಟು, ಊಟಕ್ಕೆ ಎಬ್ಬಿಸುವವರೆಗೂ ಮಲಗಿದೆ.

ಶಿಕ್ಷೆ ಮರುದಿನ ಸಿಕ್ಕಿತು. ಅಮ್ಮ ನಾಗಮಣಿಯ ಪಕ್ಕ ಜಾಗ ಮಾಡಿ ನನ್ನನ್ನು ಕೂರಿಸಿದಳು. “ಇವಳಿಗೆ ಅಕ್ಷರ ಕಲಿಸು” ಎಂದು ನಾಗಮಣಿಗೆ ಹೇಳಿದಳು, ಅದನ್ನೂ ತನ್ನ ತಮಿಳಿನಲ್ಲೇ. ನನ್ನ ಹೊಟ್ಟೆನೋವು, ತಲೆನೋವು ಅಮ್ಮನ ಹತ್ತಿರ ನಡೆದಂತೆ ನಾಗಮಣಿಯ ಹತ್ತಿರ ನಡೆಯಲಿಲ್ಲ. ಅವಳು ಅಮ್ಮನಿಗಿಂತ ಕಟ್ಟುನಿಟ್ಟಿನ ಟೀಚರು. ತಪ್ಪಾದರೆ ಅದೇ ತೋಳಿಗೆ ಒಂದು ಗುದ್ದು. ಅವಳು ಪರೀಕ್ಷೆಯ ಎಲ್ಲ ಲೆಕ್ಕವನ್ನೂ ಸರಿ ಮಾಡಿ ನನ್ನ ಕ್ಲಾಸಿಗೆ, ನನ್ನದೇ ಬೆಂಚಿಗೆ ಬಂದಳು. ಅಷ್ಟರಲ್ಲಿ ನಾನು ಕಾಗುಣಿತ ಮುಗಿಸಿದ್ದೆ. ಇದನ್ನು ನಾನು ಬರೆಯುತ್ತಿರುವ ಅಕ್ಷರಗಳು ಹೀಗೆ ಒಬ್ಬ ತೆಲುಗು ಹುಡುಗಿಯಿಂದ ಬಂದವು. ಅದಕ್ಕೇ ಇರಬೇಕು, ನನ್ನ ಕೈಯಲ್ಲಿ ಇವತ್ತಿಗೂ ‘ತ’ ತೆಲುಗಿನ ಹಾಗೆಯೇ ಬರುತ್ತದೆ. ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೆ ಅಮ್ಮನಿಗೆ ಬರೆದ ಕಾಗದಗಳಲ್ಲೂ ಹಾಗೇ ಬರೆದೆ. ಅಮ್ಮ ನನ್ನ ಕಾಗದಗಳನ್ನೂ ಬಿಡದೆ ತಿದ್ದಿ, ಕೆಂಪು ಗೆರೆ ಎಳೆದು ವಾಪಸು ಕಳಿಸುತ್ತಿದ್ದಳು. ಆ ಒಂದು ಅಕ್ಷರಕ್ಕೆ ಮಾತ್ರ ಕೊನೆಯವರೆಗೂ ಕೆಂಪು ಗೆರೆ ಹಾಕಲಿಲ್ಲ.